ಹೊಸ ಬಣ್ಣ ಬಳಿದ ಹಳೇ ಗ್ರೈಂಡರ್: ಕೊಳ್ಳುವ ಮುಂಚೆ ಸ್ಪಿಂಡಲ್ ನೋಡಿ

ಪೀಣ್ಯದ ಕಡೆ ಹಳೇ ಟೂಲ್ ಅಂಡ್ ಕಟರ್ ಗ್ರೈಂಡರ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ಎಂಡ್‌ಮಿಲ್, ರೀಮರ್‌ನಂಥ ಲೋಹ ಕೊರೆಯುವ ಕಟರ್‌ಗಳನ್ನು ಸಾಣೆ ಹಿಡಿಯಲು ನಮ್ಮ ಶಾಪಿಗೆ ಒಂದು ಬೇಕಿತ್ತು. ಹಳೇ ಮೆಷಿನ್ ಮಾರುವ ಒಬ್ಬರ ಬಳಿ ಸಿಕ್ಕಿತು. ಗಟ್ಟಿ ಎರಕದ ಬಾಡಿ, ಮೈತುಂಬ ಹೊಸ ಹಸಿರು ಬಣ್ಣ, ಸ್ವಿಚ್ ಹಾಕಿದರೆ ಸದ್ದೇ ಇಲ್ಲ. ಸ್ವಲ್ಪ ಹೊತ್ತು ಓಡಿಸಿ ತೋರಿಸಿ, "ಹಳೇ ಕಾಲದ ಮಾಲು ಸಾರ್, ಈಗ ಇಂಥದ್ದು ಬರಲ್ಲ" ಅಂದರು.

ಕೆಲಸಕ್ಕೆ ಹಾಕಿದ ಮೇಲೆ ಬಣ್ಣ ಬಯಲಾಯಿತು. ಅರ್ಧ ಗಂಟೆಯೊಳಗೆ ಸ್ಪಿಂಡಲ್ (ಸಾಣೆ ಕಲ್ಲು ಕೂರಿಸಿ ತಿರುಗಿಸುವ ದಂಡ) ಹೌಸಿಂಗ್ ಮೇಲೆ ಕೈ ಇಡಲಾಗದಷ್ಟು ಬಿಸಿ, ಕಟರ್ ಮೇಲೆ ಅಲೆ ಅಲೆ ಗುರುತು. ಬಿಚ್ಚಿ ನೋಡಿದರೆ, ಸವೆದ ಬೇರಿಂಗಿಗೆ ಗಟ್ಟಿ ಗ್ರೀಸ್ ತುರುಕಿ ಸದ್ದು ಅಡಗಿಸಿದ್ದರು. ಫೋನ್ ಮಾಡಿದರೆ, "ನೋಡಿಯೇ ತಗೊಂಡ್ರಲ್ಲ ಸಾರ್".

ಅದಕ್ಕಿಂತ ಸಿಟ್ಟು ಬಂದದ್ದು ಜೊತೆಗೆ ಪುಕ್ಕಟೆ ಎಂದು ಕೊಟ್ಟ ಸಾಣೆ ಕಲ್ಲಿನ ಬಗ್ಗೆ. ಬೆರಳಿಗೆ ಸಿಕ್ಕಿಸಿ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಠಣ್ ಅನ್ನಬೇಕಾದ್ದು ಡಬ್ ಅಂದಿತು. ಒಳಗೆ ಬಿರುಕು. 150 ಮಿ.ಮೀ. ಕಲ್ಲು 2880 ಆರ್‌ಪಿಎಂನಲ್ಲಿ (ನಿಮಿಷಕ್ಕೆ 2880 ಸುತ್ತು) ತಿರುಗುವಾಗ ಅದರ ಅಂಚು ಗಂಟೆಗೆ 80 ಕಿ.ಮೀ. ವೇಗ ದಾಟಿರುತ್ತದೆ. ಚೂರು ಸಿಡಿದರೆ ಎದುರಿಗಿರುವುದು ಕೆಲಸದ ಹುಡುಗನ ಮುಖ. ಇದನ್ನು ಗೊತ್ತಿದ್ದೂ ಮಾರುವವರನ್ನು ನಾನು ಕ್ಷಮಿಸಲಾರೆ. ಹಳೇ ಮೆಷಿನ್ ಜೊತೆ ಬಂದ ಕಲ್ಲನ್ನು ಒಡೆದು ಬಿಸಾಕಿ. ಹೊಸದನ್ನೂ ತಟ್ಟಿ ನೋಡಿ, ಅದರ ಮೇಲೆ ಬರೆದ ಆರ್‌ಪಿಎಂ ನಿಮ್ಮ ಸ್ಪಿಂಡಲ್ ವೇಗಕ್ಕಿಂತ ಕಡಿಮೆಯಿದ್ದರೆ ಹಾಕಲೇಬೇಡಿ.

ನೋಡಲು ಹೋಗುವಾಗ ಅಲುಗಾಟ ಅಳೆಯುವ 0.01 ಮಿ.ಮೀ. ಡಯಲ್ ಗೇಜ್, ಅದನ್ನು ಹಿಡಿದಿಡುವ ಮ್ಯಾಗ್ನೆಟಿಕ್ ಸ್ಟ್ಯಾಂಡ್ ಚೀಲದಲ್ಲಿರಲಿ. ಮೊದಲು ಬೆಲ್ಟ್ ತೆಗೆಸಿ ಸ್ಪಿಂಡಲನ್ನು ಕೈಯಲ್ಲಿ ತಿರುಗಿಸಿ. ಸವೆದ ಬೇರಿಂಗಿನ ಗರಗರ ಬೆರಳಿಗೆ ತಿಳಿಯುತ್ತದೆ, ಗ್ರೀಸ್ ತುರುಕಿದ್ದರೆ ಜಿಗುಟಾಗಿ ಭಾರ ಅನ್ನಿಸುತ್ತದೆ. ಸ್ಪಿಂಡಲ್ ಮೇಲೆ ಗೇಜ್ ಕೂರಿಸಿ, ಸ್ಪಿಂಡಲನ್ನು ಮೇಲೆ ಕೆಳಗೆ ಎತ್ತಿ ಒತ್ತಿದಾಗ ಮುಳ್ಳು ಗೆರೆಗಳನ್ನು ದಾಟಿ ದಾಟಿ ಓಡಿದರೆ ಅಲ್ಲಿಂದ ಎದ್ದು ಬನ್ನಿ. ನಮ್ಮದರಲ್ಲಿ ಹಾಗೇ ಓಡುತ್ತಿತ್ತು. ಆಮೇಲೆ ಅರ್ಧ ಗಂಟೆ ಓಡಿಸಿ ಅಂತ ಕೇಳಿ. ಕರೆಂಟ್ ಇಲ್ಲ, ಟೈಮ್ ಇಲ್ಲ ಅಂದರೆ ಕಾರಣ ಬೇರೆ ಇರುತ್ತದೆ.

ಟೇಬಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಪೂರ್ತಿ ಓಡಿಸಿ. ಹೆಚ್ಚು ಸವೆಯುವುದು ನಡುಭಾಗ. ಅಲ್ಲಿ ಸಡಿಲ, ತುದಿಯಲ್ಲಿ ಬಿಗಿ ಆದರೆ ಗಿಬ್ (ಸಡಿಲ ಬಿಗಿ ಮಾಡುವ ಪಟ್ಟಿ) ಸ್ಕ್ರೂ ತಿರುಗಿಸಿ ಸರಿಮಾಡಲು ಬರುವುದಿಲ್ಲ, ಟೇಬಲ್ ಜಾರುವ ಸ್ಲೈಡನ್ನು ಕೆರೆದು ಸಮ ಮಾಡಿಸಬೇಕು (ಸ್ಕ್ರೇಪಿಂಗ್). ಆ ಖರ್ಚು ಮೆಷಿನ್ ಬೆಲೆಯನ್ನೇ ನುಂಗುತ್ತದೆ. ಕಟರ್ ಹಿಡಿಯುವ ವರ್ಕ್‌ಹೆಡ್, ಸೆಂಟರ್‌ಗಳು, ಕಟರಿನ ಹಲ್ಲಿಗೆ ಆಸರೆ ಕೊಡುವ ಟೂತ್ ರೆಸ್ಟ್ ಎಲ್ಲ ಇವೆಯೇ ಎಂದು ದುಡ್ಡು ಕೊಡುವ ಮುಂಚೆಯೇ ಎಣಿಸಿ. "ಆಮೇಲೆ ಕಳಿಸ್ತೀನಿ" ಅಂದದ್ದು ನಮಗೆ ಇವತ್ತಿಗೂ ಬಂದಿಲ್ಲ.