ಕೋಟೆಯ ಚಿತ್ರವನ್ನು ಎಲ್ಲಿ ತೂಗುಹಾಕುವುದು? ಐದು ತಾಣಗಳ ಹೋಲಿಕೆ

ಡಿಜಿಟಲ್ ಚಿತ್ರ ಬರೆಯುವವರು ಸೇರಿದರೆ ಮಾತು ಟ್ಯಾಬ್ಲೆಟ್, ಸ್ಟೈಲಸ್, ಬ್ರಷ್‌ಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಮುಗಿದ ಚಿತ್ರವನ್ನು ಎಲ್ಲಿ ಹಾಕಬೇಕು ಎಂಬ ಪ್ರಶ್ನೆಯೂ ಅಷ್ಟೇ ದೊಡ್ಡದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಕುವ ಜಾಗಕ್ಕೆ ತಕ್ಕಂತೆ ನಮ್ಮ ಕೈ ಬದಲಾಗುತ್ತದೆ, ಅದೂ ನಮಗೆ ಗೊತ್ತಾಗದ ಹಾಗೆ. ಇದನ್ನು ಕಣ್ಣಾರೆ ನೋಡಬೇಕೆಂದು ಚಿತ್ರದುರ್ಗದ ಕೋಟೆಯ ಒಂದೇ ಚಿತ್ರವನ್ನು ಐದು ಕಡೆ ಹಾಕಿದೆ. ಕ್ರಿತಾ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಬರೆದ, 6000 ಪಿಕ್ಸೆಲ್ ಅಗಲದ ಅಡ್ಡ ಚಿತ್ರ ಅದು. ಎಡಕ್ಕೆ ಒಂದರ ಮೇಲೊಂದು ಕುಳಿತ ಬಂಡೆಗಳು, ನಡುವೆ ಆ ಬಂಡೆಗಳನ್ನೇ ನಂಬಿ ಮೇಲೇರುವ ಕೋಟೆಗೋಡೆ, ಬಲಕ್ಕೆ ಖಾಲಿ ಆಕಾಶ, ದೂರದ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು.

ದಾವಣಗೆರೆಯಲ್ಲಿ ಚಿತ್ರಕಲೆ ಕಲಿಯುತ್ತಿರುವ ಯಾರನ್ನು ಕೇಳಿದರೂ ಮೊದಲು ಬರುವ ಹೆಸರು ಇನ್‌ಸ್ಟಾಗ್ರಾಮ್. ಜನ ಇರುವುದು ಅಲ್ಲಿ, ಅದೇ ಅದರ ಬಲ. ಅಲ್ಲಿ ಚಿತ್ರದ ಅಗಲ 1080 ಪಿಕ್ಸೆಲ್‌ಗೆ ಇಳಿಯುತ್ತದೆ. ಮೊಬೈಲನ್ನು ನೆಟ್ಟಗೆ ಹಿಡಿದು ನೋಡುವವರಿಗೆ ಅಡ್ಡ ಚಿತ್ರ ತೆಳ್ಳನೆಯ ಒಂದು ಪಟ್ಟಿ ಮಾತ್ರ. ಗೋಡೆಯ ಕಲ್ಲುಗಳ ನಡುವಿನ ಸಂದು, ಬಂಡೆಗೆ ಕೊರೆದ ಮೆಟ್ಟಿಲು ಯಾವುದೂ ಉಳಿಯುವುದಿಲ್ಲ. ಒಂದು ಪೋಸ್ಟ್‌ನಲ್ಲಿ 20ರವರೆಗೆ ಚಿತ್ರಗಳನ್ನು ಸೇರಿಸಲು ಅವಕಾಶವಿರುವುದರಿಂದ ಕೋಟೆಯನ್ನು ತುಂಡುಗಳಾಗಿ ಕತ್ತರಿಸಿ ಜೋಡಿಸಿದೆ. ಬೆರಳಿನಿಂದ ಸರಿಸುತ್ತಾ ಹೋದರೆ ಬಂಡೆಗಳಿಂದ ಆಕಾಶದವರೆಗೆ ನಡೆದು ಹೋದ ಹಾಗೆ ಕಾಣುತ್ತದೆ. ಇದು ನನಗೆ ನಿಜಕ್ಕೂ ಹಿಡಿಸಿತು. ಆದರೆ ಚಿತ್ರಕ್ಕಿಂತ ಹೆಚ್ಚು ಜನರನ್ನು ಮುಟ್ಟಿದ್ದು ಚಿತ್ರ ಮೂಡುವ ವಿಡಿಯೊ. ಕ್ರಿತಾದ ರೆಕಾರ್ಡರ್‌ನಲ್ಲಿ ಅದನ್ನು ಸೆರೆಹಿಡಿಯುವುದು ಸುಲಭ. ಇದಾದ ಮೇಲೆ, ಮುಂದಿನ ಚಿತ್ರವನ್ನು ನೆಟ್ಟಗೆ, ಗಾಢ ಬಣ್ಣದಲ್ಲಿ, ಬೇಗ ಮೂಡುವಂತೆ ಬರೆಯಬೇಕೆಂಬ ಆಸೆ ಹುಟ್ಟಿತು. ಚಿತ್ರದುರ್ಗವನ್ನು ನೆಟ್ಟಗೆ ಬರೆದರೆ ಅದರ ಅರ್ಧ ಜೀವ ಹೋಗುತ್ತದೆ. ಆ ಊರಿನ ಗಾಂಭೀರ್ಯ ಇರುವುದೇ ಬಂಡೆಗಳು ಅಡ್ಡಕ್ಕೆ ಹರಡಿಕೊಂಡ ರೀತಿಯಲ್ಲಿ.

2014ರಲ್ಲಿ ಶುರುವಾದ ಆರ್ಟ್‌ಸ್ಟೇಷನ್ ಗೇಮ್ ಮತ್ತು ಸಿನಿಮಾಗಳಿಗೆ ಚಿತ್ರ ಬರೆಯುವವರ ಮನೆ. 2021ರಲ್ಲಿ ಎಪಿಕ್ ಗೇಮ್ಸ್ ಅದನ್ನು ಕೊಂಡುಕೊಂಡಿತು. ಇಲ್ಲಿ ನೋಡುವವರು ಹಿಗ್ಗಿಸಿ ನೋಡುತ್ತಾರೆ. ಅವರಿಗೆ ಮುಗಿದ ಚಿತ್ರವಷ್ಟೇ ಸಾಲದು, ಅದರ ಹಿಂದಿನ ಕೆಲಸವೂ ಬೇಕು. ಹಾಗಾಗಿ ಪೆನ್ಸಿಲ್ ರೇಖೆ, ಬಣ್ಣ ಹಚ್ಚುವ ಮುಂಚೆ ಬೆಳಕು ನೆರಳನ್ನು ಬೂದು ಛಾಯೆಗಳಲ್ಲೇ ಲೆಕ್ಕ ಹಾಕಿದ ಕರಡು, ಅಂಗೈಯಗಲದ ಬಣ್ಣದ ಪ್ರಯೋಗಗಳು ಎಲ್ಲವನ್ನೂ ಒಂದರ ಕೆಳಗೊಂದು ಹಾಕಿದೆ. ಅದರ ಫಲ ಮುಂದಿನ ಕೆಲಸದಲ್ಲಿ ಕಂಡಿತು: ತೋರಿಸಬೇಕಲ್ಲ ಎಂದು ಶುರುವಾದ ಕರಡುಗಳು ಈಗ ರೂಢಿಯಾಗಿವೆ, ಬಣ್ಣಕ್ಕೆ ಇಳಿಯುವ ಹೊತ್ತಿಗೆ ಬಂಡೆಗಳ ತೂಕ ಸರಿಯಾಗಿ ಕೂತಿರುತ್ತದೆ. ಕಲಿಯುವವರಿಗೆ ನಾನು ಮೊದಲು ಹೇಳುವ ಹೆಸರು ಇದೇ. ಒಂದು ಕೊರಗು ಇದೆ. ಅಲ್ಲಿನ ಕೋಟೆಗಳಲ್ಲಿ ಸದಾ ಯುದ್ಧ, ಸದಾ ಡ್ರ್ಯಾಗನ್. ಮಧ್ಯಾಹ್ನದ ಬಿಸಿಲಿನಲ್ಲಿ ಸುಮ್ಮನೆ ಕುಳಿತ ಕೋಟೆಯ ಮುಂದೆ ನಿಲ್ಲುವವರು ಕಡಿಮೆ.

ಡೀವಿಯಂಟ್‌ಆರ್ಟ್ ಇವೆಲ್ಲಕ್ಕಿಂತ ಹಿರಿಯದು, 2000ದ ಆಗಸ್ಟ್‌ನಲ್ಲಿ ಹುಟ್ಟಿದ್ದು. 2022ರ ನವೆಂಬರ್‌ನಲ್ಲಿ ಎಐ ಚಿತ್ರಗಳ ಸಾಧನವನ್ನು ತಂದಾಗ ಅಲ್ಲಿನ ಚಿತ್ರಕಾರರೇ ತಿರುಗಿಬಿದ್ದರು. ಆದರೂ ಕೂತು ಮಾತನಾಡುವ ಹಳೆಯ ಗುಣ ಅಲ್ಲಿ ಪೂರ್ತಿ ಹೋಗಿಲ್ಲ. ಬಂಡೆಯ ನೆರಳಿಗೆ ನೆಲದ ಕೆಂಪು ಸ್ವಲ್ಪ ತಾಗಿಸಿ ನೋಡಿ ಎಂದು ಅಪರಿಚಿತರೊಬ್ಬರು ಬರೆದರು. ತಾಗಿಸಿದೆ, ಬಂಡೆ ನೆಲಕ್ಕೆ ಅಂಟಿಕೊಂಡಿತು. ಸಾವಿರ ಮೆಚ್ಚುಗೆಗಿಂತ ಇಂಥ ಒಂದು ಸಾಲು ದೊಡ್ಡದು. ಬಿಹಾನ್ಸ್ ಎಂಬ ಇನ್ನೊಂದು ತಾಣವನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಲೋಗೊ, ಪುಸ್ತಕದ ವಿನ್ಯಾಸ ಮಾಡುವವರಿಗೆ ಅದು ಹೆಚ್ಚು ಹೊಂದುತ್ತದೆ.

ಚಿತ್ರಕಾರರ ತಾಣಗಳಲ್ಲಿ ಕಾರಾ ಹೊಸದು. ಇನ್‌ಸ್ಟಾಗ್ರಾಮ್‌ನ ಒಡೆತನದ ಕಂಪನಿ ಮೆಟಾ, ಸಾರ್ವಜನಿಕ ಪೋಸ್ಟ್‌ಗಳನ್ನು ಎಐ ತರಬೇತಿಗೆ ಬಳಸುವ ವಿಚಾರ ಚಿತ್ರಕಾರರ ನಡುವೆ ಸುದ್ದಿಯಾದಾಗ, 2024ರ ಜೂನ್ ಹೊತ್ತಿಗೆ, ಲಕ್ಷಗಟ್ಟಲೆ ಜನ ಕೆಲವೇ ದಿನಗಳಲ್ಲಿ ಅಲ್ಲಿಗೆ ಬಂದರು. ಎಐ ರಚಿಸಿದ ಚಿತ್ರಗಳಿಗೆ ಅಲ್ಲಿ ಜಾಗವಿಲ್ಲ. ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಗ್ಲೇಜ್ ಎಂಬ ಸಾಧನ ಕೂಡ ಅಲ್ಲಿ ಸಿಗುತ್ತದೆ. ಅದು ಚಿತ್ರದ ಪಿಕ್ಸೆಲ್‌ಗಳನ್ನು ಸಣ್ಣಗೆ ಬದಲಿಸಿ, ನಮ್ಮ ಶೈಲಿಯನ್ನು ನಕಲು ಮಾಡಲು ಕಲಿಯುವ ಯಂತ್ರದ ದಾರಿ ತಪ್ಪಿಸುತ್ತದೆ. ಗ್ಲೇಜ್ ಹಾಕಿದ ಕೋಟೆಯನ್ನು ಮೂಲದ ಪಕ್ಕದಲ್ಲಿಟ್ಟು ಹಿಗ್ಗಿಸಿ ನೋಡಿದೆ. ಬಂಡೆಗಳ ಮೇಲೆ ಗುರುತೇ ಇಲ್ಲ. ಕಲ್ಲಿನ ಒರಟುತನದಲ್ಲಿ ಎಲ್ಲವೂ ಕರಗಿಹೋಗಿದೆ. ನಯವಾದ ಆಕಾಶದಲ್ಲಿ ಮಾತ್ರ ಎಣ್ಣೆ ಬಿದ್ದ ನೀರಿನಂತೆ ಮಸುಕು ಸುಳಿಗಳು ಎದ್ದಿವೆ. ಗ್ಲೇಜ್‌ನ ತೀವ್ರತೆ ತಗ್ಗಿಸಿದರೆ ಸುಳಿಯೂ ತಗ್ಗುತ್ತದೆ, ರಕ್ಷಣೆಯೂ ತಗ್ಗುತ್ತದೆ. ಕೊನೆಗೆ ಆಕಾಶದಲ್ಲಿ ಒಣ ಬ್ರಷ್‌ನಿಂದ ತೆಳು ಮೋಡಗಳನ್ನು ಎಳೆದೆ, ಸುಳಿಗಳು ಅದರೊಳಗೆ ಅಡಗಿದವು. ರಕ್ಷಣೆಗೆಂದು ಬಂದ ಸಾಧನವೂ ಚಿತ್ರದೊಳಗೆ ಕೈ ಹಾಕಿತು ನೋಡಿ. ಆದರೂ ಕಾರಾವನ್ನು ನಾನು ಬಿಡುವುದಿಲ್ಲ. ವರ್ಷಗಟ್ಟಲೆ ದುಡಿದು ಸಂಪಾದಿಸಿದ ರೇಖೆಯನ್ನು ಕೇಳದೆ ಯಾರೂ ಮುಟ್ಟಬಾರದು ಎಂದು ನೇರವಾಗಿ ಹೇಳುವ ತಾಣ ಒಂದಾದರೂ ಬೇಕು.

ಇನ್ನು ವಾಟ್ಸಾಪ್ ಸ್ಟೇಟಸ್. ಇದನ್ನು ಕಲೆಯ ತಾಣ ಎಂದು ಯಾರೂ ಕರೆಯುವುದಿಲ್ಲ, 24 ಗಂಟೆಗೆ ಅಳಿಸಿಯೂ ಹೋಗುತ್ತದೆ. ಆದರೆ ಅನ್ನ ಕೊಡುವುದು ಇದೇ. ಕೋಟೆಯ ಚಿತ್ರ ಹಾಕಿದ ಸಂಜೆಯೇ ಪರಿಚಯದ ಒಬ್ಬರು ಕೇಳಿದರು: “ಅಣ್ಣಾ, ಆ ಕೋಟೆಯ ಮುಂದೆ ನಮ್ಮ ಅಪ್ಪ ಅಮ್ಮ ನಿಂತ ಹಾಗೆ ಬರೆದುಕೊಡುತ್ತೀರಾ? ಅಪ್ಪನ ಅರವತ್ತರ ಶಾಂತಿ ಇದೆ.” ಮದುವೆಯ ಕರೆಯೋಲೆ, ಕವನ ಸಂಕಲನದ ಮುಖಪುಟ, ಅಂಗಡಿಯ ಫಲಕ, ಎಲ್ಲವೂ ಹೀಗೆಯೇ ಬರುತ್ತವೆ. ಹಣವೂ ಯುಪಿಐನಲ್ಲಿ ಆಗಲೇ ಬರುತ್ತದೆ. ಚಿತ್ರವನ್ನು ಫೋಟೊ ಎಂದು ಕಳುಹಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಇದ್ದ ಹಾಗೇ ತಲುಪುತ್ತದೆ. ಮುದ್ರಣಕ್ಕೆ ಹೋಗುವುದಿದ್ದರೆ ಎರಡನೆಯದೇ ಸರಿ.

ತೊಂದರೆಯೂ ಇಲ್ಲಿಯೇ ಹೆಚ್ಚು. ಸ್ಟೇಟಸ್‌ನಲ್ಲಿದ್ದ ನನ್ನ ಇನ್ನೊಂದು ಚಿತ್ರವನ್ನು ಯಾರೋ ಸ್ಕ್ರೀನ್‌ಶಾಟ್ ತೆಗೆದು, ಮೂಲೆಯ ಸಹಿ ಕತ್ತರಿಸಿ, ಗಣೇಶನ ಪೆಂಡಾಲಿನ ಫ್ಲೆಕ್ಸ್‌ಗೆ ಹಿನ್ನೆಲೆ ಮಾಡಿಕೊಂಡಿದ್ದರು. ಕೋಪಕ್ಕಿಂತ ನೋವು ಹೆಚ್ಚಾಯಿತು; ಕೇಳಿದ್ದರೆ ಗಣಪತಿಯ ಹೆಸರಿನಲ್ಲಿ ಪುಕ್ಕಟೆಯಾಗಿಯೇ ಕೊಡುತ್ತಿದ್ದೆ. ಈಗ ಸಹಿಯನ್ನು ಮೂಲೆಯಲ್ಲಿ ಹಾಕುವುದಿಲ್ಲ. ಚಿತ್ರದ ನಡುವಿನ ಬಂಡೆಯ ಬಿರುಕಿನ ಜೊತೆ ಸೇರಿಸಿ ಬರೆಯುತ್ತೇನೆ. ಸ್ಟೇಟಸ್‌ಗೆ ಸಣ್ಣ ಅಳತೆಯ ಪ್ರತಿ ಮಾತ್ರ ಹೋಗುತ್ತದೆ, ದೊಡ್ಡ ಕಡತ ಮುಂಗಡ ಬಂದ ಮೇಲೆ.