20 ಸ್ವಿಚ್‌ನಲ್ಲಿ ನಾನು ಬಳಸೋದು 11: ಎರಡೂವರೆ ವರ್ಷದ ಬಟನ್ ಬಾಕ್ಸ್ ಅನುಭವ

ಕಾರ್ ರೇಸ್ ಗೇಮ್ ಆಡಲು ಸೀಟು, ಸ್ಟೀರಿಂಗ್, ಪೆಡಲ್ ಜೋಡಿಸಿದ ನನ್ನ ಸಿಮ್ ರಿಗ್‌ನ ಎಡಗಡೆ ಒಂದು ಕಪ್ಪು ಪೆಟ್ಟಿಗೆ ಕೂತಿದೆ. ಗೇಮ್‌ನ ಕಾರಿನ ಸ್ವಿಚ್‌ಗಳನ್ನು ಕೈಯಲ್ಲೇ ಒತ್ತಲು ಇರುವ ಬಟನ್ ಬಾಕ್ಸ್ ಇದು. ಮುಂದೆ ಕಾರ್ಬನ್ ಫೈಬರ್, ಹಿಂದೆ ಅಲ್ಯೂಮಿನಿಯಂ. ಒತ್ತುವ ಬಟನ್ ಹತ್ತು, ತಿರುಗಿಸುವ ಎನ್‌ಕೋಡರ್ ನಾಲ್ಕು, ಮೇಲೆ ಕೆಳಗೆ ತಳ್ಳುವ ಟಾಗಲ್ ನಾಲ್ಕು. ಕೆಂಪು ಮುಚ್ಚಳದ ಇಗ್ನಿಷನ್ ಸ್ವಿಚ್ ಒಂದು, ಪಕ್ಕದಲ್ಲಿ ಸ್ಟಾರ್ಟ್ ಬಟನ್. ಮೊದಲ ಸಲ ನೋಡಿದಾಗ ನಮ್ಮಮ್ಮ, "ಏನೋ ಇದು, ಮನೆ ಸ್ವಿಚ್ಚೆಲ್ಲ ಕಿತ್ತು ಒಂದೇ ಬೋರ್ಡಿಗೆ ಹಾಕಿದ ಹಾಗಿದೆ" ಅಂದರು.

2023ರ ಮಾರ್ಚ್‌ನಲ್ಲಿ ಯುರೋಪಿನ ಒಂದು ಸಣ್ಣ ತಯಾರಕರಿಂದ ತರಿಸಿದ್ದು. ಬಾಕ್ಸ್‌ಗೆ 350 ಯೂರೋ. ಅದರ ಮೇಲೆ ಸಾಗಣೆ, ಕಸ್ಟಮ್ಸ್ ಸುಂಕ, ಕೊರಿಯರ್‌ನವರ ಶುಲ್ಕ ಅಂತ ಬೆಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿಯೇ ಬಿತ್ತು. ಆ ಲೆಕ್ಕವನ್ನು ಮನೆಯಲ್ಲಿ ಇವತ್ತಿಗೂ ಪೂರ್ತಿ ಹೇಳಿಲ್ಲ. ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಂಥ ಬಾಕ್ಸ್ ತಗೊಳ್ಳುವ ಯಾರಿಗಾದರೂ ಬರಬಹುದಾದ ತೊಂದರೆಗಳೇ ನನಗೂ ಬಂದಿದ್ದು, ಹೆಸರಿಗಿಂತ ಅವು ಮುಖ್ಯ.

ಅದಕ್ಕೂ ಮುಂಚೆ ಕೀಬೋರ್ಡೇ ಗತಿ. ತೊಡೆಯ ಪಕ್ಕ ಒಂದು ಸ್ಟೂಲ್, ಅದರ ಮೇಲೆ ಕೀಬೋರ್ಡ್. ಅಸೆಟ್ಟೊ ಕೋರ್ಸಾ ಕಾಂಪೆಟಿಟ್ಸಿಯೋನೆ ಅನ್ನುವ ರೇಸಿಂಗ್ ಗೇಮ್‌ನಲ್ಲಿ ಸ್ಪಾ ಟ್ರ್ಯಾಕ್, ರಾತ್ರಿ, ಮಳೆ. ವೈಪರ್ ಹಾಕೋಣ ಅಂತ ಕತ್ತಲಲ್ಲಿ ಕೈ ಇಟ್ಟೆ. ಎಂಜಿನ್ ಆಫ್ ಆಯಿತು. ಹಿಂದೆ ಬರುತ್ತಿದ್ದವನು ನೇರವಾಗಿ ಬಂದು ಗುದ್ದಿದ. ಒಂದೂವರೆ ಗಂಟೆಯ ರೇಸ್ ಅಲ್ಲಿಗೆ ಮುಗಿಯಿತು. ಮರುದಿನವೇ ಬಟನ್ ಬಾಕ್ಸ್ ಹುಡುಕಲು ಕೂತೆ.

ಹುಡುಕುವಾಗ ನಾನು ಮಾಡಿದ ತಪ್ಪು ಅಂದರೆ ಬಟನ್ ಎಣಿಸಿದ್ದು. ಪಟ್ಟಿಯಲ್ಲಿ "32 ಇನ್‌ಪುಟ್" ಅಂತ ಇತ್ತು. ಬಿಡಿಸಿ ನೋಡಿದರೆ ಹತ್ತು ಬಟನ್‌ಗೆ ಹತ್ತು, ಟಾಗಲ್‌ಗೆ ಎರಡೆರಡರಂತೆ ಎಂಟು, ಇಗ್ನಿಷನ್ ಮತ್ತು ಸ್ಟಾರ್ಟ್‌ಗೆ ಎರಡು. ಎನ್‌ಕೋಡರ್‌ಗೆ ತಲಾ ಮೂರು: ಬಲಕ್ಕೆ, ಎಡಕ್ಕೆ, ಒತ್ತಿದರೆ ಒಂದು. ಅಲ್ಲಿಗೆ ಒಟ್ಟು 32. ಕೈಗೆ ಸಿಗುವ ವಸ್ತುಗಳು 20. ಅದರಲ್ಲಿ ಇವತ್ತು ನಾನು ನಿಜವಾಗಿ ಮುಟ್ಟೋದು 11. ಉಳಿದ ಒಂಬತ್ತು ಸುಮ್ನೆ ಅಂದಕ್ಕೆ. ಹಾಗಂತ ಅವು ತೊಂದರೆ ಕೊಡದೇ ಇರುವುದಿಲ್ಲ, ಜಾಗ ತಿನ್ನುತ್ತವೆ. ಬಟನ್ ಜಾಸ್ತಿ ಆದಷ್ಟೂ ನಡುವಿನ ಅಂತರ ಕಮ್ಮಿ. ನನ್ನದರಲ್ಲಿ ಕೆಳಗಿನ ಸಾಲಿನ ಐದು ಬಟನ್ ಎಷ್ಟು ಹತ್ತಿರ ಇವೆ ಅಂದರೆ ರೇಸಿಂಗ್ ಗ್ಲೌಸ್ ಹಾಕಿ ಒಂದನ್ನು ಒತ್ತಿದರೆ ಪಕ್ಕದ್ದಕ್ಕೂ ತಾಗುತ್ತದೆ. (32 ದಾಟಿದ ಬಾಕ್ಸ್‌ಗಳೂ ಇವೆ. ಬಟನ್ ಒತ್ತಿದ್ದನ್ನು ಗೇಮ್‌ಗೆ ಮುಟ್ಟಿಸುವ ವಿಂಡೋಸ್‌ನ ಡೈರೆಕ್ಟ್‌ಇನ್‌ಪುಟ್ 128 ಬಟನ್ ತನಕ ಒಪ್ಪುತ್ತದೆ, ಆದರೆ ಕೆಲವು ಹಳೆಯ ಗೇಮ್‌ಗಳಿಗೆ ಮೊದಲ 32 ಮಾತ್ರ ಕಾಣುತ್ತವೆ. ಹಳೆಯ ಗೇಮ್ ಆಡುವವರು ಇದನ್ನು ನೋಡಿಕೊಳ್ಳಿ.)

ಯಾವುದು ಬಾಕ್ಸ್ ಮೇಲೆ ಇರಬೇಕು, ಯಾವುದು ಸ್ಟೀರಿಂಗ್ ಮೇಲೆ ಇರಬೇಕು ಅನ್ನುವುದು ಗೊತ್ತಾಗಲು ನನಗೆ ಆರು ತಿಂಗಳು ಹಿಡಿಯಿತು. ಪಿಟ್ ಲಿಮಿಟರ್ (ಇಂಧನ, ಟೈರಿಗೆ ನಿಲ್ಲುವ ಪಿಟ್ ದಾರಿಯಲ್ಲಿ ವೇಗ ಮಿತಿ ದಾಟದಂತೆ ಹಿಡಿಯುವುದು), ರೇಡಿಯೋ, ಹೆಡ್‌ಲೈಟ್ ಫ್ಲ್ಯಾಶ್ ಸ್ಟೀರಿಂಗ್‌ಗೇ ಹೋಗಬೇಕು. ಪಿಟ್ ಗೆರೆ ಹತ್ತಿರ ಜೋರಾಗಿ ಬ್ರೇಕ್ ಹಾಕುತ್ತಿರುವಾಗ ಕೈ ಬಿಡಲು ಆಗುತ್ತಾ? ನೇರ ರಸ್ತೆಯಲ್ಲಿ ಆರಾಮಾಗಿ ಮಾಡಬಹುದಾದದ್ದು ಬಾಕ್ಸ್‌ಗೆ. ನನ್ನದರಲ್ಲಿ ನಾಲ್ಕು ಎನ್‌ಕೋಡರ್‌ಗೆ ಟ್ರಾಕ್ಷನ್ ಕಂಟ್ರೋಲ್ (ಚಕ್ರ ಜಾರದಂತೆ ತಡೆಯುವುದು), ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು), ಬ್ರೇಕ್ ಬಯಾಸ್ (ಮುಂದಿನ ಹಿಂದಿನ ಚಕ್ರಕ್ಕೆ ಬ್ರೇಕ್ ಹಂಚುವ ಪ್ರಮಾಣ) ಮತ್ತು ಪಿಟ್ ಮೆನು. ಬಟನ್‌ಗಳಲ್ಲಿ ವೈಪರ್, ಮಳೆ ದೀಪ, ಮತ್ತೆ ಐರೇಸಿಂಗ್ ಅನ್ನುವ ಇನ್ನೊಂದು ರೇಸಿಂಗ್ ಗೇಮ್‌ನ ಎರಡು ಬ್ಲ್ಯಾಕ್ ಬಾಕ್ಸ್, ಅಂದರೆ ಪರದೆ ಮೇಲಿನ ಮಾಹಿತಿ ಚೌಕ: ಹಿಂದೆ ಮುಂದೆ ಇರುವ ಕಾರುಗಳ ಅಂತರ ತೋರಿಸುವ ಎಫ್3 ಮತ್ತು ಇಂಧನದ ಎಫ್4. ಒಂದು ಟಾಗಲ್‌ಗೆ ಹೆಡ್‌ಲೈಟ್. ಆಮೇಲೆ ಇಗ್ನಿಷನ್, ಸ್ಟಾರ್ಟ್. ಅಲ್ಲಿಗೆ ಹನ್ನೊಂದು. ಮೊದಲ ವರ್ಷ ವೈಪರ್ ಬಟನ್‌ಗೆ ಐರೇಸಿಂಗ್‌ನಲ್ಲಿ ಕೆಲಸವೇ ಇರಲಿಲ್ಲ. ಅಲ್ಲಿ ಮಳೆ ಶುರುವಾಗಿದ್ದೇ 2024ರ ಮಾರ್ಚ್‌ನಲ್ಲಿ.

ಇಂಥ ಬಾಕ್ಸ್‌ಗೆ ದುಡ್ಡು ಕೊಡುವುದಿದ್ದರೆ ಎನ್‌ಕೋಡರ್‌ಗೆ ಕೊಡಿ. ನನ್ನ ಅಭಿಪ್ರಾಯ ಇಷ್ಟೇ. ಒತ್ತುವ ಬಟನ್ ಎಲ್ಲಾ ಕಡೆ ಪರವಾಗಿಲ್ಲ ಅನ್ನುವಷ್ಟು ಚೆನ್ನಾಗಿರುತ್ತದೆ. ಬಾಕ್ಸ್ ಬಾಕ್ಸ್‌ಗೂ ವ್ಯತ್ಯಾಸ ಗೊತ್ತಾಗುವುದು ಎನ್‌ಕೋಡರ್ ತಿರುಗಿಸಿದಾಗ. ನನ್ನದರಲ್ಲಿ ಒಂದು ಸುತ್ತಿಗೆ 24 ಕ್ಲಿಕ್. ಹೊಸದರಲ್ಲಿ ಒಂದೊಂದು ಕ್ಲಿಕ್ಕೂ ಬೆರಳಿಗೆ ಟಕ್ ಅಂತ ತಿಳಿಯುತ್ತಿತ್ತು. ಟ್ರಾಕ್ಷನ್ ಕಂಟ್ರೋಲ್ ಎರಡು ಇಳಿಸಬೇಕು ಅಂದರೆ ಎರಡು ಟಕ್, ಪರದೆ ನೋಡುವ ಅಗತ್ಯವೇ ಇಲ್ಲ.

ಆದರೆ ಒಂದು ಒಳಗುಟ್ಟು ಇದೆ. ಒಂದು ಕ್ಲಿಕ್ ಅಂದರೆ ಕಂಪ್ಯೂಟರ್ ಪಾಲಿಗೆ ಒಂದು ಬಟನ್ ಒತ್ತಿ ಬಿಟ್ಟ ಹಾಗೆ. ಬಾಕ್ಸ್ ಅದನ್ನು ತೀರಾ ಕಮ್ಮಿ ಹೊತ್ತು ಒತ್ತಿದರೆ ಗೇಮ್‌ಗೆ ಕಾಣಿಸುವುದೇ ಇಲ್ಲ. ಸೆಕೆಂಡಿಗೆ 90 ಫ್ರೇಮ್ ಓಡುವ ಗೇಮ್ ಸುಮಾರು 11 ಮಿಲಿಸೆಕೆಂಡಿಗೊಮ್ಮೆ ನೋಡುತ್ತದೆ ಅಂದುಕೊಳ್ಳಿ. ಐದು ಮಿಲಿಸೆಕೆಂಡಿನ ಒತ್ತು ಆ ಎರಡು ನೋಟದ ನಡುವೆ ಬಂದು ಹೋಗಿರಬಹುದು. ತೀರಾ ಜಾಸ್ತಿ ಹೊತ್ತು ಒತ್ತಿದರೆ, ಬೇಗ ತಿರುಗಿಸಿದಾಗ ಕ್ಲಿಕ್‌ಗಳು ಸಾಲಲ್ಲಿ ನಿಂತು ಕೈ ಬಿಟ್ಟ ಮೇಲೂ ಬರುತ್ತಾ ಇರುತ್ತವೆ. ಬ್ರೇಕ್ ಬಯಾಸ್ ತಾನಾಗೇ ಓಡುತ್ತಿರುವುದನ್ನು ಕೂತು ನೋಡಬೇಕು. ನನ್ನ ಬಾಕ್ಸ್ ಜೊತೆ ಬಂದ ಸಾಫ್ಟ್‌ವೇರ್‌ನಲ್ಲಿ ಈ ಅವಧಿಯನ್ನು ಬದಲಿಸಬಹುದು. 40 ಮಿಲಿಸೆಕೆಂಡಿಗೆ ಇಟ್ಟ ಮೇಲೆ ಸರಿಹೋಯಿತು. ಕೊಳ್ಳುವ ಮುಂಚೆ ಮಾರುವವರಿಗೆ ಈ ಒಂದು ಪ್ರಶ್ನೆ ಕೇಳಿ ನೋಡಿ. ಉತ್ತರ ತಡವರಿಸಿದರೆ ಬೇರೆಯವರ ಹತ್ತಿರ ಹೋಗಿ.

ಟಾಗಲ್‌ಗಳದ್ದೂ ಹೀಗೇ ಒಂದು ತರಲೆ. ಮೇಲೆ ತಳ್ಳಿದರೆ ಮೇಲೇ ನಿಲ್ಲುವ ಸ್ವಿಚ್ ನೋಡಲು ವಿಮಾನದ ಥರ ಚೆನ್ನ. ಆದರೆ ಗೇಮ್ ಪಾಲಿಗೆ ಅದು ಯಾರೋ ಬಟನ್ ಒತ್ತಿ ಹಿಡಿದು ಕೂತ ಹಾಗೆ. ನೀವು ಬೇರೆ ಯಾವುದೋ ಬಟನ್‌ಗೆ ಕೆಲಸ ಹೊಂದಿಸಲು ಹೋದರೆ ಗೇಮ್ ಇದನ್ನೇ ಹಿಡಿದುಕೊಳ್ಳುತ್ತದೆ. ಸ್ವಿಚ್ ಬದಲಾದಾಗ ಮಾತ್ರ ಒಂದು ಚಿಕ್ಕ ಒತ್ತು ಕಳಿಸುವ ಆಯ್ಕೆ ಇದ್ದರೆ ಸರಿ. ಇಲ್ಲದಿದ್ದರೆ ತಳ್ಳಿ ಬಿಟ್ಟರೆ ತಾನೇ ನಡುವಿಗೆ ಬರುವ ಟಾಗಲ್ಲೇ ವಾಸಿ.

ಜಾಗದ ಬಗ್ಗೆ ಒಂದು ಮಾತು. ಜಿಟಿ3 ಅನ್ನುವ ವರ್ಗದ ರೇಸ್ ಕಾರುಗಳಲ್ಲಿ ಬಹುಪಾಲಿಗೆ ಸೀಟು ಎಡಗಡೆ, ಸ್ವಿಚ್‌ಗಳ ಫಲಕ ಬಲಗಡೆ. ನೋಡುವ ಚಿತ್ರಗಳಲ್ಲೆಲ್ಲ ಬಾಕ್ಸ್ ಬಲಕ್ಕೇ ಇರುತ್ತದೆ. ನಾನೂ ಹಾಗೇ ಕೂರಿಸಿದ್ದೆ. ಆದರೆ ಹದಿನೈದು ವರ್ಷದಿಂದ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಎಡಗೈಯಲ್ಲೇ ಗೇರ್ ಹಾಕಿ, ಎಡಗೈಯಲ್ಲೇ ಎಸಿ ತಿರುಗಿಸಿ ಅಭ್ಯಾಸ. ಕೈ ತಾನಾಗೇ ಎಡಕ್ಕೆ ಹೋಗುತ್ತಿತ್ತು. ಒಂದು ತಿಂಗಳು ಒದ್ದಾಡಿ ಎಡಕ್ಕೆ ಬದಲಿಸಿದೆ. ಅಲ್ಯೂಮಿನಿಯಂ ಪ್ರೊಫೈಲ್ ರಿಗ್ ಆದ್ದರಿಂದ ನಾಲ್ಕು ಬೋಲ್ಟ್ ಸಡಿಲಿಸಿ ಜರುಗಿಸುವುದು ಹತ್ತು ನಿಮಿಷದ ಕೆಲಸ. ಬಾಕ್ಸ್‌ನ ಹಿಂದಿನ ತೂತುಗಳು ಯಾವ ಅಳತೆಯವು, ಬ್ರ್ಯಾಕೆಟ್ ಜೊತೆಗೇ ಬರುತ್ತಾ ಅಂತ ಮೊದಲೇ ನೋಡಿ. ನನಗೆ ಬಂದಿರಲಿಲ್ಲ. ಇಲ್ಲೇ ವೆಲ್ಡಿಂಗ್ ಅಂಗಡಿಯಲ್ಲಿ ಎಲ್ ಆಕಾರದ ಎರಡು ಪಟ್ಟಿ ಮಾಡಿಸಿದೆ.

ಕಣ್ಣಿಂದ ನೋಡದೆ ಬಟನ್ ಸಿಗಬೇಕು. ನನಗೆ ಇದರ ಮುಂದೆ ಮಿಕ್ಕಿದ್ದೆಲ್ಲ ಆಮೇಲಿನದು. ವಿಆರ್ ಹೆಡ್‌ಸೆಟ್ ಹಾಕಿಕೊಂಡರಂತೂ ಬಾಕ್ಸ್ ಕಾಣುವುದೇ ಇಲ್ಲ. ನನ್ನ ಬಾಕ್ಸ್‌ನ ಮೇಲಿನ ಸಾಲಿನ ಬಟನ್‌ಗಳು ಐದೂ ಒಂದೇ ಗಾತ್ರ, ಒಂದೇ ಎತ್ತರ. ಬಣ್ಣ ಬೇರೆ ಬೇರೆ, ಕತ್ತಲಲ್ಲಿ ಬಣ್ಣ ಏನು ಪ್ರಯೋಜನ? ಒಂದು ದಿನ ಹೆಂಡತಿಯ ಕನ್ನಡಿ ಮೇಲೆ ಅಂಟಿಸಿದ್ದ ಕಲ್ಲಿನ ಬಿಂದಿ ಕಣ್ಣಿಗೆ ಬಿತ್ತು. ಒಂದನ್ನು ತಂದು ನಡುವಿನ ಬಟನ್‌ಗೆ ಅಂಟಿಸಿದೆ. ಬೆವರಿಗೆ ಎರಡು ಸಲ ಉದುರಿತು, ಮೂರನೇ ಸಲ ಫೆವಿಕ್ವಿಕ್ ಹಾಕಿದೆ. ಈಗ ಹೆಬ್ಬೆರಳಿಗೆ ಆ ಕಲ್ಲು ಸಿಕ್ಕಿದರೆ ಅದು ವೈಪರ್, ಅದರ ಎಡಕ್ಕೆ ಮಳೆ ದೀಪ, ಬಲಕ್ಕೆ ಇಂಧನ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕ್‌ನ ಉತ್ತರ ಸುತ್ತು ಇಪ್ಪತ್ತು ಕಿಲೋಮೀಟರ್‌ಗಿಂತ ಜಾಸ್ತಿ. ಅದರ ಕೊನೆಯ ಡೊಟ್ಟಿಂಗರ್ ಹೋಹೆ ನೇರದಲ್ಲಿ ಇಂಧನದ ಲೆಕ್ಕ ಸರಿಮಾಡಿಕೊಳ್ಳುವಾಗ ಈ ಬಿಂದಿ ಕೊಟ್ಟಷ್ಟು ನೆಮ್ಮದಿ ಕಾರ್ಬನ್ ಫೈಬರ್ ಕೊಟ್ಟಿಲ್ಲ. ಎಲ್‌ಸಿಡಿ ಕೀಗಳಿರುವ ಡೆಕ್‌ಗಳನ್ನೂ ಕೆಲವರು ಬಾಕ್ಸ್ ಬದಲು ಇಡುತ್ತಾರೆ. ಚಿತ್ರ ಚೆಂದ, ಬೆರಳಿಗೆ ಎಲ್ಲಾ ಕೀ ಒಂದೇ. ನನಗೆ ಹೊಂದಲಿಲ್ಲ.

ಬ್ಯಾಕ್‌ಲೈಟ್ ಮಾತ್ರ ಅತಿ. ಬೆಳಕು ಕಮ್ಮಿ ಮಾಡುವ ದಾರಿಯೇ ಇಲ್ಲ. ಸ್ಟಾರ್ಟ್ ಬಟನ್‌ನ ಸುತ್ತ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿದ್ದೇನೆ.

ಮೊದಲ ದೊಡ್ಡ ತೊಂದರೆ ಬಂದಿದ್ದು ನಾಲ್ಕನೇ ತಿಂಗಳಲ್ಲಿ. ರೇಸ್ ನಡುವೆ ಬಾಕ್ಸ್ ಮಾಯ. ವಿಂಡೋಸ್‌ನ ಟುಡುಂ ಸದ್ದು, ಎರಡು ಸೆಕೆಂಡ್ ಬಿಟ್ಟು ಮತ್ತೆ ಟುಡುಂ. ವಾಪಸ್ ಬರುತ್ತಿತ್ತು, ಆದರೆ ಅಷ್ಟರಲ್ಲಿ ಗೇಮ್ ಅದನ್ನು ಮರೆತಿರುತ್ತಿತ್ತು. ಬಾಕ್ಸ್‌ನವರಿಗೆ ಬೈದುಕೊಂಡೇ ಇದ್ದೆ. ಯುಎಸ್‌ಬಿ ಕೇಬಲ್ ಬದಲಿಸಿದೆ, ಪವರ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಮಲಗಿಸುವ ಆಯ್ಕೆ ತೆಗೆದೆ. ಸ್ವಲ್ಪ ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. ಆಮೇಲೆ ಗಮನಿಸಿದೆ: ಮೋಟರ್‌ಗೇ ನೇರ ಕೂರುವ ನನ್ನ ಡೈರೆಕ್ಟ್ ಡ್ರೈವ್ ಸ್ಟೀರಿಂಗ್ ಜೋರಾಗಿ ಎಳೆದಾಗ, ಅಂದರೆ ಗೇಮ್‌ನಲ್ಲಿ ಟ್ರ್ಯಾಕ್ ಅಂಚಿನ ಕರ್ಬ್ ಹತ್ತಿದಾಗ ಮಾತ್ರ ಹೀಗಾಗುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಆ ಕೋಣೆಯ ಪ್ಲಗ್‌ಗೆ ಟೆಸ್ಟರ್ ಹಿಡಿದು ನಕ್ಕ. "ಸಾರ್, ಇದಕ್ಕೆ ಅರ್ಥಿಂಗೇ ಕೊಟ್ಟಿಲ್ಲ. ಮೂರನೇ ತೂತು ಸುಮ್ನೆ ಇದೆ." ಹಳೆಯ ಮನೆ. ಅರ್ಥಿಂಗ್ ಎಳೆಸಿದೆ, ಬಾಕ್ಸ್‌ಗೆ ಬೇರೆ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಹಾಕಿದೆ. ಅವತ್ತಿನಿಂದ ಒಂದು ಸಲವೂ ಮಾಯವಾಗಿಲ್ಲ. ಬೈದಿದ್ದು ವಾಪಸ್.

ಎರಡನೆಯದು ಮಾತ್ರ ಬಾಕ್ಸ್‌ನದೇ ತಪ್ಪು. ಹದಿನಾಲ್ಕು ತಿಂಗಳಾಗಿತ್ತು. ಟ್ರಾಕ್ಷನ್ ಕಂಟ್ರೋಲ್ ಒಂದು ಏರಿಸಿದರೆ ಒಂದು ಏರಿ ಮತ್ತೆ ಒಂದು ಇಳಿಯುತ್ತಿತ್ತು. ಒಮ್ಮೊಮ್ಮೆ ಬಲಕ್ಕೆ ತಿರುಗಿಸಿದರೂ ಎಡಕ್ಕೇ ಲೆಕ್ಕ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದೆ, ಮೂರು ವಾರ ಸರಿ ಇತ್ತು, ಮತ್ತೆ ಅದೇ ಕಥೆ. ಬಿಚ್ಚಿ ನೋಡಿದೆ. ವೈರಿಂಗ್ ಅಚ್ಚುಕಟ್ಟು, ಅದನ್ನು ಹೊಗಳಲೇಬೇಕು. ಎನ್‌ಕೋಡರ್ ನೋಡಿದರೆ ಹೊಟ್ಟೆ ಉರಿಯಿತು. ಎಲ್ಲಾ ಕಡೆ ಸಿಗುವ ಸಾಮಾನ್ಯ ಮೆಕ್ಯಾನಿಕಲ್ ಎನ್‌ಕೋಡರ್. ಒಳಗೆ ಲೋಹದ ಪಟ್ಟಿ ಉಜ್ಜಿ ಉಜ್ಜಿ ಸವೆಯುವಂಥದ್ದು. ಇವುಗಳಲ್ಲಿ ಹಲವದರ ಆಯಸ್ಸು ಹದಿನೈದು ಸಾವಿರ ಸುತ್ತಿನ ಆಸುಪಾಸು. ಬೆಳಕಿನಿಂದ ಎಣಿಸುವ ಆಪ್ಟಿಕಲ್ ಎನ್‌ಕೋಡರ್‌ಗಳಲ್ಲಿ ಹತ್ತು ಲಕ್ಷ ಸುತ್ತು ಬಾಳುವವೂ ಇವೆ. 350 ಯೂರೋ ಕೊಟ್ಟವನು ಅದನ್ನು ನಿರೀಕ್ಷಿಸಬಾರದಾ?

ಮೇಲ್ ಹಾಕಿದೆ. ಒಂಬತ್ತು ದಿನ ಉತ್ತರವಿಲ್ಲ. ತಾಳ್ಮೆ ಕೆಟ್ಟು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋದೆ. ಮೂರನೇ ಅಂಗಡಿಯವರು ಹಳೆಯದನ್ನು ತಿರುಗಿಸಿ ನೋಡಿ, "ಇದೇ ಸೈಜ್ ಇದೆ ಸಾರ್, ಕ್ಲಿಕ್ ಸ್ವಲ್ಪ ಜಾಸ್ತಿ, ಮೂವತ್ತು" ಅಂದರು. ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅಂದುಕೊಂಡು ಎರಡು ತಂದೆ. ರಾತ್ರಿ ಹನ್ನೊಂದಕ್ಕೆ ಬೆಸುಗೆ ಹಾಕಿ ಕೂರಿಸಿದೆ. ಎರಡು ಕ್ಲಿಕ್ ತಿರುಗಿಸಿದರೆ ಒಂದು ಲೆಕ್ಕ! ಆಮೇಲೆ ಓದಿ ತಿಳಿದದ್ದು: ಕೆಲವದರಲ್ಲಿ ಒಂದು ಕ್ಲಿಕ್‌ಗೆ ಒಂದು ಪೂರ್ತಿ ಪಲ್ಸ್ (ಬೋರ್ಡ್‌ಗೆ ಹೋಗುವ ವಿದ್ಯುತ್ ಸಂಕೇತ), ಕೆಲವದರಲ್ಲಿ ಅರ್ಧ. ನಾನು ತಂದದ್ದು 30 ಕ್ಲಿಕ್‌ಗೆ 15 ಪಲ್ಸ್‌ನದು. ಬಾಕ್ಸ್‌ನ ಬೋರ್ಡ್ ಪೂರ್ತಿ ಪಲ್ಸ್‌ಗೇ ಕಾಯುತ್ತದೆ, ಅದನ್ನು ಬದಲಿಸುವ ಆಯ್ಕೆ ಇಲ್ಲ. ಅಂಗಡಿಯಲ್ಲಿ ಕ್ಲಿಕ್ ಎಷ್ಟು ಅಂತ ಕೇಳಿದರೆ ಸಾಲದು, ಪಲ್ಸ್ ಎಷ್ಟು ಅಂತಲೂ ಕೇಳಬೇಕು.

ಹತ್ತನೇ ದಿನ ಉತ್ತರ ಬಂತು. ಕ್ಷಮೆ ಕೇಳಿ, ಹೊಸ ಎನ್‌ಕೋಡರ್ ಎರಡನ್ನು ಸಾಗಣೆ ಖರ್ಚು ಮಾತ್ರ ತಗೊಂಡು ಕಳಿಸಿದರು. ಹೊಸದು ಕೂಡ ಅದೇ ಮೆಕ್ಯಾನಿಕಲ್. ಆದರೂ ಕಳಿಸಿದರಲ್ಲ.

ಮತ್ತೆ ಕೊಳ್ಳುತ್ತೀರಾ ಅಂತ ಗೆಳೆಯನೊಬ್ಬ ಕೇಳಿದ. ಇದೇ ಬಾಕ್ಸ್ ಅಂದರೆ ಇಲ್ಲ. ಹತ್ತು ಹನ್ನೆರಡು ಸ್ವಿಚ್ ಇರುವ, ದೂರ ದೂರ ಇಟ್ಟ, ಎನ್‌ಕೋಡರ್ ಯಾವ ಮಾದರಿ ಅಂತ ಪಟ್ಟಿಯಲ್ಲೇ ಬರೆದ ಚಿಕ್ಕ ಬಾಕ್ಸ್ ಸಿಕ್ಕರೆ ಇಷ್ಟೇ ದುಡ್ಡು ಕೊಟ್ಟೇನು. ಬೆಸುಗೆ ಹಾಕಲು ಬರುವವನಿಗೆ ಇನ್ನೊಂದು ದಾರಿ ಇದೆ. ಪ್ರೊ ಮೈಕ್ರೊ ಅನ್ನುವ, ನಾವೇ ಪ್ರೋಗ್ರಾಂ ಹಾಕಬಹುದಾದ ಚಿಕ್ಕ ಆರ್ಡುಯಿನೋ ಥರದ ಬೋರ್ಡ್ ಯುಎಸ್‌ಬಿಗೆ ನೇರ ಗೇಮ್ ಕಂಟ್ರೋಲರ್ ಥರ ಸೇರುತ್ತದೆ. ಸ್ವಿಚ್‌ಗಳನ್ನು ಅಡ್ಡ ಉದ್ದ ಸಾಲಾಗಿ ಹೆಣೆದು, ಒಂದೊಂದಕ್ಕೂ ಡಯೋಡ್ ಹಾಕಿದರೆ ಕೆಲಸ ಮುಗಿಯಿತು. ಡಯೋಡ್ ಬಿಟ್ಟರೆ ಮೂರು ಒಟ್ಟಿಗೆ ಒತ್ತಿದಾಗ ಒತ್ತದೇ ಇರುವ ನಾಲ್ಕನೆಯದೂ ಒತ್ತಿದ ಹಾಗೆ ಬರುತ್ತದೆ. ಆ ಗೆಳೆಯ ಹಾಗೇ ಒಂದು ಮಾಡಿಕೊಂಡ, ನಾಲ್ಕು ಸಾವಿರ ರೂಪಾಯಿ ಒಳಗೆ. ಪೆಟ್ಟಿಗೆ ಮಾತ್ರ ಅವನಮ್ಮನ ಹಳೆಯ ಮಸಾಲೆ ಡಬ್ಬಿ. ಎನ್‌ಕೋಡರ್ ತಿರುಗಿಸಿದರೆ ಇವತ್ತಿಗೂ ಜೀರಿಗೆ ವಾಸನೆ.

ಕಳೆದ ವಾರದಿಂದ ನನ್ನ ಎಬಿಎಸ್ ಎನ್‌ಕೋಡರ್ ಕೂಡ ಹಿಂದೆ ಮುಂದೆ ಆಡುತ್ತಿದೆ. ಅವರು ಕಳಿಸಿದ ಎರಡರಲ್ಲಿ ಒಂದು ಇನ್ನೂ ಡ್ರಾಯರ್‌ನಲ್ಲಿದೆ. ಭಾನುವಾರ ಬಿಚ್ಚಬೇಕು.