ಘಾಟಿ ಏರುವಾಗ ಕಾರು ಎಳೆಯುತ್ತಿಲ್ಲವೇ? ಟರ್ಬೊ ಬಿಚ್ಚಿಸುವ ಮೊದಲು ಇದನ್ನು ಓದಿ

ಉಡುಪಿ ಕಡೆಯಿಂದ ತೀರ್ಥಹಳ್ಳಿಗೆ ಹೊರಟಿದ್ದ ಒಂದು ಡೀಸೆಲ್ ಕಾರು. ಒಳಗೆ ಐದು ಜನ, ಡಿಕ್ಕಿ ತುಂಬ ಸಾಮಾನು, ಎ.ಸಿ. ಚಾಲೂ. ಹೆಬ್ರಿ ದಾಟಿ ಸೋಮೇಶ್ವರ ಬರುವವರೆಗೆ ಯಾವ ತಕರಾರೂ ಇರಲಿಲ್ಲ. ಆಗುಂಬೆ ಘಾಟಿಯ ಮೊದಲ ಕೆಲವು ತಿರುವು ಕಳೆಯುವಷ್ಟರಲ್ಲಿ ಎಳೆತ ಬಿದ್ದುಹೋಯಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಆರ್‌ಪಿಎಂ ಎರಡೂವರೆ ಸಾವಿರ ದಾಟಲಿಲ್ಲ, ಇಂಜಿನ್ ದೀಪ ಹತ್ತಿತು. ಹಿಂದೆ ವಾಹನಗಳ ಸಾಲು, ಹಾರ್ನ್ ಮೇಲೆ ಹಾರ್ನ್. ಚಾಲಕ ಹಾಫ್ ಕ್ಲಚ್‌ನಲ್ಲೇ ಮತ್ತೆರಡು ತಿರುವು ಹತ್ತಿಸಿದರು. ಆಮೇಲೆ ಕ್ಲಚ್ ಸುಟ್ಟ ವಾಸನೆ ಬಂತು, ಗಾಡಿ ಹಿಂದಕ್ಕೆ ಜಾರಿ ದರೆಗೆ (ರಸ್ತೆ ಪಕ್ಕದ ಗುಡ್ಡದ ಗೋಡೆಗೆ) ತಾಗಿ ನಿಂತಿತು. ಜಾರಿದ್ದು ದರೆಯ ಬದಿಗಾದ್ದರಿಂದ ಜನ ಉಳಿದರು.

ಎರಡನೇ ಪೆಟ್ಟು ಬಿದ್ದದ್ದು ಗ್ಯಾರೇಜಿನಲ್ಲಿ. ಸ್ಕ್ಯಾನರ್ ಹಾಕಿದಾಗ ಪಿ0299 ಎಂಬ ಕೋಡ್ ಬಂತು. 'ಟರ್ಬೊ ಹೋಗಿದೆ' ಎಂದು ಹೊಸ ಟರ್ಬೊ (ಇಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಭಾಗ) ಕೂರಿಸಿದರು. ಸುಟ್ಟ ಕ್ಲಚ್ ಸೆಟ್ಟೂ ಸೇರಿ ಬಿಲ್ಲು ಅರವತ್ತು ಸಾವಿರ ದಾಟಿತು. ಆಮೇಲೆ ಅದೇ ಕಾರು ಹುಲಿಕಲ್ ಘಾಟಿ ಏರುವಾಗ ಅದೇ ರೀತಿ ಸುಸ್ತಾಯಿತು. ಕೊನೆಗೆ ಬೇರೆ ಕಡೆ ಸಿಕ್ಕ ನಿಜವಾದ ದೋಷ ಇಷ್ಟು: ಟರ್ಬೊದಿಂದ ಬಂದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನಿಂದ ಇಂಜಿನ್‌ಗೆ ಹೋಗುವ ರಬ್ಬರ್ ಪೈಪಿನಲ್ಲಿ, ಕ್ಲಿಪ್ ಕೂರುವ ಜಾಗದ ಪಕ್ಕದಲ್ಲೇ, ಅಡಿಭಾಗದಲ್ಲಿ ಎರಡಿಂಚಿನ ಒಂದು ಸೀಳು. ಪೈಪ್ ಬದಲಿಸಿದ ಮೇಲೆ ಗಾಡಿ ಸರಿಯಾಯಿತು.

ಮಲೆನಾಡಿನ ಎಷ್ಟೋ ಕಾರುಗಳಿಗೆ ಆಗುವುದು ಇದೇ. ಮೂಲ ದೋಷ ಸಣ್ಣದಿರುತ್ತದೆ. ದೊಡ್ಡ ನಷ್ಟ ಆಗುವುದು ಘಾಟಿಯಲ್ಲಿ ಗಾಬರಿಯಿಂದ ಎಳೆಸಿದ್ದಕ್ಕೆ, ಆಮೇಲೆ ಪರೀಕ್ಷೆ ಮಾಡದೆ ಬಿಡಿಭಾಗ ಬದಲಿಸಿದ್ದಕ್ಕೆ.

ಪಿ0299 ಹೇಳುವುದು 'ಇಂಜಿನ್ ಕೇಳಿದಷ್ಟು ಗಾಳಿಯ ಒತ್ತಡ ಸಿಗುತ್ತಿಲ್ಲ' ಎಂದು ಮಾತ್ರ. ಟರ್ಬೊ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. ಸೀಳಿದ ಪೈಪ್, ಸಡಿಲವಾದ ಕ್ಲಿಪ್, ಟರ್ಬೊ ನಿಯಂತ್ರಿಸುವ ತೆಳು ವ್ಯಾಕ್ಯೂಮ್ ಪೈಪಿನಲ್ಲಿ ತೂತು, ಕಟ್ಟಿಕೊಂಡ ಏರ್ ಫಿಲ್ಟರ್, ಮುಚ್ಚದೆ ಸಿಕ್ಕಿಕೊಂಡ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್‌ಗೆ ಬಿಡುವ ಕವಾಟ), ಇವೆಲ್ಲ ಅದೇ ಕೋಡ್ ತರಬಲ್ಲವು. ಪೈಪಿನ ಸೀಳು ಊರೊಳಗೆ ಯಾಕೆ ಗೊತ್ತಾಗುವುದಿಲ್ಲ ಎಂದರೆ, ಸಮತಟ್ಟು ರಸ್ತೆಯಲ್ಲಿ ಟರ್ಬೊ ಒತ್ತಡ ಕಡಿಮೆ, ರಬ್ಬರ್ ಮುಚ್ಚಿಕೊಂಡೇ ಇರುತ್ತದೆ. ಏರಿನಲ್ಲಿ ಒತ್ತಡ ಹೆಚ್ಚಿದಾಗ ಸೀಳು ಬಾಯಿ ಬಿಡುತ್ತದೆ, ಗಾಳಿ ಹೊರಗೆ ಹೋಗುತ್ತದೆ. ಬಾನೆಟ್ ತೆಗೆದು ಐಡಲ್‌ನಲ್ಲಿ ನೋಡಿದರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ.

'ಎತ್ತರದಲ್ಲಿ ಗಾಳಿ ತೆಳು, ಅದಕ್ಕೇ ಗಾಡಿ ಎಳೆಯಲ್ಲ' ಎಂಬ ಸಮಾಧಾನವನ್ನೂ ನಂಬಬೇಡಿ. ಟರ್ಬೊ ಇಲ್ಲದ ಇಂಜಿನ್ ಪ್ರತಿ 100 ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ ಶೇ. 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಆಗುಂಬೆ ಇರುವುದು ಸುಮಾರು 650 ಮೀಟರ್ ಎತ್ತರದಲ್ಲಿ. ಅಂದರೆ ನಷ್ಟ ಶೇ. 6–7. ಇಷ್ಟಕ್ಕೆ ಯಾವ ಕಾರೂ ನಿಲ್ಲುವುದಿಲ್ಲ. ಮುಳ್ಳಯ್ಯನಗಿರಿ ಕಡೆ 1,900 ಮೀಟರ್ ಹತ್ತಿರಕ್ಕೆ ಹೋದಾಗ ಸಣ್ಣ ಪೆಟ್ರೋಲ್ ಕಾರಿಗೆ ವ್ಯತ್ಯಾಸ ಗೊತ್ತಾಗುತ್ತದೆ, ನಿಜ. ಆದರೆ ಟರ್ಬೊ ಇರುವ ಗಾಡಿ ಆಗುಂಬೆಯಲ್ಲಿ ಸುಸ್ತಾದರೆ ಅದು ಕಾಯಿಲೆಯೇ.

ಗಾಡಿ ಎಳೆಯದಾದಾಗ ಮೊದಲು ನೋಡಬೇಕಾದ್ದು ಆರ್‌ಪಿಎಂ ಮುಳ್ಳು. ಮುಳ್ಳು ಏರುತ್ತಿದೆ, ವೇಗ ಏರುತ್ತಿಲ್ಲ ಎಂದರೆ ಇಂಜಿನ್ ಚೆನ್ನಾಗಿದೆ, ಕ್ಲಚ್ ಜಾರುತ್ತಿದೆ. ಮುಳ್ಳು ಎರಡೂವರೆ ಅಥವಾ ಮೂರು ಸಾವಿರದಲ್ಲಿ ಅಂಟಿಕೊಂಡು ನಿಂತರೆ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಂಜಿನ್ ಉಳಿಸಲು ಶಕ್ತಿ ಕಡಿತ ಮಾಡಿದೆ, ಅದೇ ಲಿಂಪ್ ಮೋಡ್. ಮುಳ್ಳು ಕೆಳಗಿಳಿಯುತ್ತ ಗಾಡಿ ಜರ್ಕ್ ಹೊಡೆಯುತ್ತಿದ್ದರೆ ಇಂಧನ ಸಾಲುತ್ತಿಲ್ಲ ಅಥವಾ ಪೆಟ್ರೋಲ್ ಗಾಡಿಯಾದರೆ ಒಂದು ಸಿಲಿಂಡರ್ ಮಿಸ್ಸಿಂಗ್ ಇದೆ, ಅಂದರೆ ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಗ್ಯಾರೇಜಿಗೆ 'ಪಿಕಪ್ ಇಲ್ಲ' ಎಂದಷ್ಟೇ ಹೇಳದೆ, ಈ ಮೂರರಲ್ಲಿ ಯಾವುದು ಎಂದು ಹೇಳಿದರೆ ಅರ್ಧ ಕೆಲಸ ಮುಗಿದಂತೆ. ಇನ್ನೊಂದು ಸಾಧ್ಯತೆಯೂ ಇದೆ: ಬ್ರೇಕ್ ಕ್ಯಾಲಿಪರ್ ಜಾಮ್ ಆಗಿ ಒಂದು ಚಕ್ರ ಹಿಡಿದುಕೊಂಡಿರಬಹುದು. ಗಾಡಿ ನಿಲ್ಲಿಸಿ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದೇ ಚಕ್ರದಿಂದ ಬೆಂಕಿಯಂಥ ಬಿಸಿ ಬಂದರೆ ತೊಂದರೆ ಅಲ್ಲಿದೆ.

ಈಗ ಘಾಟಿಯಲ್ಲಿ ಮಾಡಬೇಕಾದ್ದು. ಎಳೆತ ಬಿದ್ದ ಕೂಡಲೇ ಎ.ಸಿ. ಆಫ್ ಮಾಡಿ, ಗೇರ್ ಒಂದಕ್ಕೆ ಇಳಿಸಿ, ಕ್ಲಚ್ ಪೂರ್ತಿ ಬಿಡಿ. ಲಿಂಪ್ ಮೋಡ್‌ನಲ್ಲೂ ಬಹುತೇಕ ಕಾರುಗಳು ಒಂದನೇ ಗೇರ್‌ನಲ್ಲಿ ಎರಡು ಸಾವಿರ ಆರ್‌ಪಿಎಂನಲ್ಲಿ ನಿಧಾನಕ್ಕೆ ಏರುತ್ತವೆ. ನಿಧಾನವಾದರೆ ಏನೂ ಹಾಳಾಗುವುದಿಲ್ಲ. ಎರಡನೇ ಗೇರ್‌ನಲ್ಲಿ ಹಾಫ್ ಕ್ಲಚ್ ಹಿಡಿದು ಎಳೆಸಿದರೆ ಕೆಲವೇ ನಿಮಿಷಗಳಲ್ಲಿ ಕ್ಲಚ್ ಪ್ಲೇಟ್ ಮುಗಿಯುತ್ತದೆ. ಹೇರ್‌ಪಿನ್‌ನ ಒಳಗೆ ಹೋಗಿ ಗೇರ್ ಇಳಿಸಬೇಡಿ, ಮೊದಲೇ ಇಳಿಸಿ. ನಮ್ಮದು ಎಡಬದಿಯ ಸಂಚಾರವಾದ್ದರಿಂದ ಏರುವಾಗ ಎಡಕ್ಕೆ ತಿರುಗುವ ಹೇರ್‌ಪಿನ್‌ನಲ್ಲಿ ನಾವು ಒಳಬದಿಯಲ್ಲಿರುತ್ತೇವೆ, ಅಲ್ಲಿ ಏರು ಎಲ್ಲಕ್ಕಿಂತ ಕಡಿದು. ಸುಸ್ತಾದ ಗಾಡಿ ಸಾಮಾನ್ಯವಾಗಿ ನಿಲ್ಲುವುದೇ ಆ ಜಾಗದಲ್ಲಿ. ಆಗುಂಬೆಯ 14 ತಿರುವುಗಳಲ್ಲಿ ಎಡದ ತಿರುವು ಬರುವ ಮುನ್ನವೇ ನೇರ ತುಂಡಿನಲ್ಲಿ ಜಾಗ ನೋಡಿ ನಿಲ್ಲಿಸುವುದು ಒಳ್ಳೆಯದು. ಕಿರಿದಾದ ಏರು ರಸ್ತೆಯಲ್ಲಿ ಇಳಿಯುವ ವಾಹನ ನಿಂತು ಏರುವ ವಾಹನಕ್ಕೆ ದಾರಿ ಬಿಡಬೇಕೆಂಬುದು ನಿಯಮ. ಹಾರ್ನಿಗೆ ಹೆದರಿ ಅವಸರ ಮಾಡಬೇಡಿ.

ಆಟೋಮ್ಯಾಟಿಕ್ ಗಾಡಿಯವರಿಗೆ ಒಂದು ಮಾತು. ಗೇರ್ ತಾನೇ ಬದಲಿಸಿಕೊಳ್ಳುವ ಎಎಂಟಿಯಲ್ಲೂ ಒಳಗೆ ಇರುವುದು ಮಾಮೂಲಿ ಕ್ಲಚ್ಚೇ. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್‌ನಿಂದಲೇ ಗಾಡಿ ತಡೆದು ನಿಲ್ಲಿಸಿದರೆ ಅದು ಸುಡುತ್ತದೆ. ಮ್ಯಾನುಯಲ್ ಮೋಡ್‌ಗೆ ಹಾಕಿ ಒಂದನೇ ಗೇರ್‌ನಲ್ಲೇ ಏರಿ, ನಿಲ್ಲಬೇಕಾದರೆ ಬ್ರೇಕ್‌ನಲ್ಲೇ ನಿಲ್ಲಿ.

ನಿಲ್ಲಿಸಲೇಬೇಕಾಗಿ ಬಂದರೆ ಹ್ಯಾಂಡ್‌ಬ್ರೇಕ್ ಎಳೆದು, ಒಂದನೇ ಗೇರ್‌ಗೆ ಹಾಕಿ, ಸ್ಟೇರಿಂಗ್ ದರೆಯ ಕಡೆಗೆ ತಿರುಗಿಸಿ. ದರೆ ಎಡಕ್ಕಿದ್ದರೆ ಎಡಕ್ಕೆ. ಆಗ ಗಾಡಿ ಹಿಂದೆ ಜಾರಿದರೂ ಹಿಂಭಾಗ ದರೆಗೇ ಹೋಗಿ ತಾಗುತ್ತದೆ, ಪ್ರಪಾತದ ಕಡೆಗಲ್ಲ. ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ಎತ್ತಿ ಪಕ್ಕಕ್ಕೆ ಹಾಕುವುದನ್ನು ದಯವಿಟ್ಟು ಮರೆಯಬೇಡಿ. ಮಂಜಿನಲ್ಲಿ ಇಳಿದು ಬರುವ ಬೈಕಿನವರಿಗೆ ಅದು ಕಾಣುವುದಿಲ್ಲ, ಒಂದು ಕಲ್ಲು ಒಂದು ಜೀವ ತೆಗೆಯುತ್ತದೆ. ತ್ರಿಕೋನದ ಫಲಕವನ್ನು ಗಾಡಿಯ ಹಿಂದೆ ನಾಲ್ಕಡಿಗೆ ಇಡುವುದರಿಂದ ಪ್ರಯೋಜನವಿಲ್ಲ. ತಿರುವಿನ ಆಚೆ, ಬರುವವರಿಗೆ ನಿಮ್ಮ ಗಾಡಿ ಕಾಣುವ ಮೊದಲೇ ಅದು ಕಾಣಬೇಕು. ಫಲಕ ಇಲ್ಲದಿದ್ದರೆ ಲಾರಿಯವರು ಮಾಡುವ ಹಾಗೆ ಸೊಪ್ಪಿನ ಟೊಂಗೆ ಇಡಿ, ಮೇಲೆ ಒಬ್ಬರು ಕೆಳಗೆ ಒಬ್ಬರು ನಿಂತು ಕೈ ತೋರಿಸಲಿ. ಮಕ್ಕಳನ್ನೂ ವಯಸ್ಸಾದವರನ್ನೂ ಇಳಿಸಿ ದರೆಯ ಬದಿಯಲ್ಲಿ, ಗಾಡಿಗಿಂತ ಮೇಲೆ ನಿಲ್ಲಿಸಿ. ಗಾಡಿಯ ಹಿಂದೆ ಯಾರೂ ನಿಲ್ಲಬಾರದು, ತಳ್ಳಲು ಕೂಡ.

ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಹಿಂದಕ್ಕೆ ಇಳಿಸುವ ಕೆಲಸ ಯಾವ ಕಾರಣಕ್ಕೂ ಬೇಡ. ಇಂಜಿನ್ ನಿಂತ ಮೇಲೆ ಬ್ರೇಕ್ ಬೂಸ್ಟರ್‌ನಲ್ಲಿ ಉಳಿಯುವುದು ಎರಡು ಮೂರು ಒತ್ತಿಗೆ ಸಾಕಾಗುವಷ್ಟು ವ್ಯಾಕ್ಯೂಮ್. ಆಮೇಲೆ ಪೆಡಲ್ ಕಲ್ಲಾಗುತ್ತದೆ, ಸ್ಟೇರಿಂಗೂ ಬಿಗಿಯಾಗುತ್ತದೆ. ಹಿಂದೆ ಬರಲೇಬೇಕಾದರೆ ಇಂಜಿನ್ ಚಾಲೂ ಇರಲಿ, ರಿವರ್ಸ್ ಗೇರ್ ಇರಲಿ.

ಸುರಕ್ಷಿತ ಜಾಗದಲ್ಲಿ ನಿಂತ ಮೇಲೆ ಮೀಟರ್ ನೋಡಿ. ಟೆಂಪರೇಚರ್ ಕೆಂಪಿಗೆ ಹತ್ತಿರ ಇದ್ದರೆ, ಫ್ಯಾನ್ ತಿರುಗುತ್ತಿದ್ದು ಕೂಲೆಂಟ್ ಸೋರದಿದ್ದರೆ, ಹೀಟರ್ ಪೂರ್ತಿ ಬಿಸಿಗೆ ಹಾಕಿ ಬ್ಲೋವರ್ ಜೋರು ಮಾಡಿ ಐಡಲ್‌ನಲ್ಲಿ ಬಿಡಿ. ಹಬೆ ಬರುತ್ತಿದ್ದರೆ ಇಂಜಿನ್ ಆಫ್ ಮಾಡಿ ಕನಿಷ್ಠ ಅರ್ಧ ಗಂಟೆ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಆಯಿಲ್ ದೀಪ ಹತ್ತಿದರೆ ಅಲ್ಲಿಗೇ ಪ್ರಯಾಣ ಮುಗಿಯಿತು, ಟೋಯಿಂಗ್ ಗಾಡಿ ಕರೆಸಿ. ಪೆಟ್ರೋಲ್ ಗಾಡಿಯಲ್ಲಿ ಇಂಜಿನ್ ದೀಪ ಮಿನುಗುತ್ತಿದ್ದರೆ ಸಿಲಿಂಡರ್ ಮಿಸ್ಸಿಂಗ್ ಇದೆ, ಉರಿಯದ ಪೆಟ್ರೋಲ್ ಕೆಟಲಿಟಿಕ್ ಕನ್ವರ್ಟರ್‌ಗೆ (ಹೊಗೆ ಶುದ್ಧ ಮಾಡುವ ಭಾಗಕ್ಕೆ) ಹೋಗಿ ಅದನ್ನು ಕೆಂಪಗೆ ಕಾಯಿಸುತ್ತದೆ. ಸ್ಪಾರ್ಕ್ ಪ್ಲಗ್‌ಗೆ ವಿದ್ಯುತ್ ಕೊಡುವ, ಕೆಲವು ಸಾವಿರದ ಕಾಯಿಲ್ ಉಳಿಸಲು ಹೋಗಿ ಹತ್ತಾರು ಸಾವಿರದ ಕನ್ವರ್ಟರ್ ಹೋಗುತ್ತದೆ. ಕಿತ್ತಳೆ ಬಣ್ಣದ ಇಂಜಿನ್ ದೀಪ ಸ್ಥಿರವಾಗಿದ್ದು ಬೇರೆಲ್ಲ ಸರಿ ಇದ್ದರೆ ಇಂಜಿನ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಲಿಂಪ್ ಮೋಡ್ ಹಲವು ಸಲ ಬಿಟ್ಟುಹೋಗುತ್ತದೆ. ಅದು ರಿಪೇರಿಯಲ್ಲ, ಘಾಟಿ ದಾಟಲು ಸಿಕ್ಕ ಅವಕಾಶ ಅಷ್ಟೆ, ಆಕ್ಸಿಲರೇಟರ್ ಅರ್ಧಕ್ಕಿಂತ ಹೆಚ್ಚು ಒತ್ತಬೇಡಿ. ಘಾಟಿಯಲ್ಲಿ ಬಹಳ ಕಡೆ ಮೊಬೈಲ್ ಸಿಗ್ನಲ್ ಇಲ್ಲ. ಹಾದುಹೋಗುವ ಬಸ್ಸಿನವರ ಹತ್ತಿರ ಹೇಳಿ ಕಳಿಸಿದರೆ ಆಗುಂಬೆಗೋ ಸೋಮೇಶ್ವರಕ್ಕೋ ಸುದ್ದಿ ಮುಟ್ಟುತ್ತದೆ. ಅಪಾಯ ಇದ್ದರೆ 112.

ಡೀಸೆಲ್ ಗಾಡಿಗೆ ಪೈಪಿನ ನಂತರ ಮೊದಲ ಅನುಮಾನ ಡೀಸೆಲ್ ಫಿಲ್ಟರ್ ಮೇಲೆ. ಕಟ್ಟಿಕೊಂಡ ಫಿಲ್ಟರ್ ಸಮತಟ್ಟಿನಲ್ಲಿ ಸಾಕಾಗುವಷ್ಟು ಡೀಸೆಲ್ ಬಿಡುತ್ತದೆ, ಏರಿನಲ್ಲಿ ಸಾಲುವುದಿಲ್ಲ. ಕೋಡ್ ಪಿ0087 ಬರುತ್ತದೆ, ಅಂದರೆ ರೈಲ್ (ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕೊಳವೆ) ಒಳಗಿನ ಒತ್ತಡ ಕಡಿಮೆ. ಅದನ್ನು ನೋಡಿ 'ಪಂಪ್ ಹೋಗಿದೆ, ಇಂಜೆಕ್ಟರ್ ಹೋಗಿದೆ' ಎನ್ನುವವರು ಇದ್ದಾರೆ. ಮೊದಲು ಫಿಲ್ಟರ್ ಬದಲಿಸಿ ನೋಡಿ. ಹಳೆಯ ಫಿಲ್ಟರ್‌ನಲ್ಲಿರುವ ಡೀಸೆಲ್ಲನ್ನು ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಬಿಡಿ, ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ಇದು ಹೆಚ್ಚು, ಕ್ಯಾನಿನಲ್ಲಿ ತಂದಿಟ್ಟ ಡೀಸೆಲ್ ಹಾಕಿದ ಗಾಡಿಗಳಲ್ಲಿ ಇನ್ನೂ ಹೆಚ್ಚು. ಫಿಲ್ಟರಿನ ಕೆಳಗೆ ನೀರು ಬಿಡುವ ಸ್ಕ್ರೂ ಇದ್ದರೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ನಡುವೆ ಒಮ್ಮೆ ಶುದ್ಧ ಡೀಸೆಲ್ ಬರುವವರೆಗೆ ಬಿಡಿಸಿ.

ಬಿಎಸ್6 ಹೊಗೆ ನಿಯಮ ಬಂದ 2020ರ ಏಪ್ರಿಲ್ ನಂತರದ ಡೀಸೆಲ್ ಕಾರುಗಳಲ್ಲಿ ಡಿಪಿಎಫ್ ಇರುತ್ತದೆ. ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿದಿಡುವ ಈ ಜಾಲರಿ ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳಲು ಸುಮಾರು 600 ಡಿಗ್ರಿ ಶಾಖ ಬೇಕು. ಮನೆಯಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಎಂದು ನಾಲ್ಕೈದು ಕಿಲೋಮೀಟರ್ ಓಡಾಡುವ ಗಾಡಿಗೆ ಆ ಶಾಖ ಬರುವುದೇ ಇಲ್ಲ. ಮಸಿ ತುಂಬಿ, ಘಾಟಿಯಲ್ಲಿ ಶಕ್ತಿ ಕಡಿತವಾಗುತ್ತದೆ. ಡಿಪಿಎಫ್ ದೀಪ ಹತ್ತಿದಾಗಲೇ ಶಿವಮೊಗ್ಗ–ಭದ್ರಾವತಿಯಂಥ ನೇರ ರಸ್ತೆಯಲ್ಲಿ 60 ಕಿ.ಮೀ. ವೇಗಕ್ಕಿಂತ ಮೇಲೆ, ಎರಡು ಸಾವಿರ ಆರ್‌ಪಿಎಂ ದಾಟಿ, 15–20 ನಿಮಿಷ ಓಡಿಸಿ. ನಡುವೆ ಆಫ್ ಮಾಡಬೇಡಿ. ಅರ್ಧಕ್ಕೆ ನಿಲ್ಲಿಸುತ್ತ ಹೋದರೆ ಇಂಜಿನ್ ಆಯಿಲ್‌ಗೆ ಡೀಸೆಲ್ ಇಳಿದು ಸೇರುತ್ತದೆ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತ ಹೋಗುವುದೇ ಅದರ ಗುರುತು.

ಪೆಟ್ರೋಲ್‌ನಲ್ಲಿ ಸ್ಪಾರ್ಕ್ ಪ್ಲಗ್, ಕಾಯಿಲ್, ಇಂಧನ ಪಂಪ್ ಈ ಮೂರೇ ಹೆಚ್ಚಿನ ಕಾರಣ. ಸಣ್ಣ ಬಿರುಕು ಬಿಟ್ಟ ಕಾಯಿಲ್ ಬೇಸಿಗೆಯಲ್ಲಿ ಸುಮ್ಮನಿದ್ದು ಜೂನ್–ಜುಲೈ ತೇವಕ್ಕೆ, ಅದೂ ಲೋಡ್ ಬಿದ್ದಾಗ, ಮಿಸ್ ಆಗುತ್ತದೆ. ಟ್ಯಾಂಕ್‌ನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಇಟ್ಟುಕೊಂಡು ಘಾಟಿಗೆ ಹೋಗಬೇಡಿ, ಕಡಿದಾದ ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಹೀರಬಹುದು.

ನಮ್ಮ ಕಡೆಯದೇ ಆದ ಇನ್ನೊಂದು ಕಾರಣ ಇಲಿ. ಕೊಟ್ಟಿಗೆ ಪಕ್ಕ, ಅಡಿಕೆ ಸಿಪ್ಪೆ ರಾಶಿಯ ಹತ್ತಿರ ನಿಲ್ಲಿಸಿದ ಕಾರಿನ ಏರ್ ಫಿಲ್ಟರ್ ಡಬ್ಬಿಯಲ್ಲಿ ಹುಲ್ಲು, ಹತ್ತಿ, ಸಿಪ್ಪೆ ತುಂಬಿ ಗೂಡು ಮಾಡಿರುತ್ತದೆ. ತೆಳು ವ್ಯಾಕ್ಯೂಮ್ ಪೈಪನ್ನೂ ವೈರನ್ನೂ ಕಡಿದಿರುತ್ತದೆ. ಏರ್ ಫಿಲ್ಟರ್ ಡಬ್ಬಿ ತೆಗೆದು ನೋಡಲು ಐದು ನಿಮಿಷ ಸಾಕು, ಹೆಚ್ಚಿನ ಗಾಡಿಗಳಲ್ಲಿ ಸ್ಪ್ಯಾನರ್ ಕೂಡ ಬೇಡ.

ಗ್ಯಾರೇಜಿನಲ್ಲಿ ಕೇಳಬೇಕಾದ್ದು ಮುಖ್ಯವಾಗಿ ಲೋಡ್ ಟೆಸ್ಟ್. ನಿಂತ ಗಾಡಿಯಲ್ಲಿ ಆಕ್ಸಿಲರೇಟರ್ ಕೊಟ್ಟು ನೋಡಿದರೆ ಈ ದೋಷಗಳು ಸಿಗುವುದಿಲ್ಲ. ಸ್ಕ್ಯಾನರ್ ಹಾಕಿಕೊಂಡೇ ಖಾಲಿ ನೇರ ರಸ್ತೆಗೆ ಹೋಗಬೇಕು. ನಾಲ್ಕನೇ ಗೇರ್, 1,500 ಆರ್‌ಪಿಎಂ, ಅಲ್ಲಿಂದ ಪೂರ್ತಿ ಆಕ್ಸಿಲರೇಟರ್. ಪಕ್ಕದಲ್ಲಿ ಕೂತವರು ಎರಡು ಜೋಡಿ ಅಂಕಿ ನೋಡಬೇಕು: ಇಸಿಯು ಕೇಳಿದ ಟರ್ಬೊ ಒತ್ತಡ ಮತ್ತು ಸಿಕ್ಕಿದ ಒತ್ತಡ, ಕೇಳಿದ ರೈಲ್ ಒತ್ತಡ ಮತ್ತು ಸಿಕ್ಕಿದ್ದು. ಕಾಮನ್ ರೈಲ್ ಡೀಸೆಲ್‌ನಲ್ಲಿ ಐಡಲ್‌ನಲ್ಲಿ 250–300 ಬಾರ್ ಇರುವ ರೈಲ್ ಒತ್ತಡ ಪೂರ್ತಿ ಲೋಡಿನಲ್ಲಿ ಹಲವು ಇಂಜಿನ್‌ಗಳಲ್ಲಿ 1,600 ಬಾರ್ ಮುಟ್ಟುತ್ತದೆ, ಕೊರತೆ ಕಾಣುವುದು ಅಲ್ಲಿಯೇ. ಗಾಳಿಯ ಜೋಡಿ ಹೊಂದದಿದ್ದರೆ ಹೊಗೆ ಪರೀಕ್ಷೆ ಮಾಡಿಸಿ: ಇನ್‌ಟೇಕ್ ಪೈಪಿಗೆ ಹೊಗೆ ತುಂಬಿದರೆ ಸೀಳಿದ ಕಡೆ ಹೊರಗೆ ಬರುತ್ತದೆ. ಆ ಯಂತ್ರ ಇಲ್ಲದ ಕಡೆ ಪೈಪನ್ನು ಬಿಚ್ಚಿ, ಬಗ್ಗಿಸಿ, ಒಳಗೂ ಅಡಿಗೂ ಟಾರ್ಚ್ ಬಿಟ್ಟು ನೋಡಲಿ. ಸೋರುವ ಜಾಗದ ಸುತ್ತ ಆಯಿಲ್ ಮತ್ತು ಧೂಳು ಅಂಟಿದ ಕಪ್ಪು ಕಲೆ ಇರುತ್ತದೆ.

ಟರ್ಬೊ ನಿಜವಾಗಿಯೂ ಕೆಡುವುದಿದೆ. ಆಗ ನೀಲಿ ಹೊಗೆ, ಆಯಿಲ್ ಮಟ್ಟ ಇಳಿಯುವುದು, ಸೈರನ್‌ನಂಥ ಕೂಗು ಕಾಣಿಸುತ್ತವೆ, ಪೈಪ್ ಬಿಚ್ಚಿ ಶಾಫ್ಟ್ ಅಲ್ಲಾಡಿಸಿದರೆ ರೆಕ್ಕೆಗಳು ಗೋಡೆಗೆ ತಾಗುತ್ತವೆ. ಪೈಪಿನಲ್ಲಿ ತೆಳುವಾಗಿ ಆಯಿಲ್ ಇರುವುದು ಮಾತ್ರ ಸಹಜ, ಅದನ್ನು ತೋರಿಸಿ 'ನೋಡಿ ಸರ್, ಟರ್ಬೊ ಸೋರ್ತಿದೆ' ಎಂದರೆ ಒಪ್ಪಬೇಡಿ. ಶಾಫ್ಟ್ ಅಲ್ಲಾಡಿಸಿ ತೋರಿಸಲು ಹೇಳಿ. ಕ್ಲಚ್ ಬಗ್ಗೆ ಅನುಮಾನವಿದ್ದರೆ ಸಮತಟ್ಟಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, 2,000 ಆರ್‌ಪಿಎಂನಲ್ಲಿ ಕ್ಲಚ್ ಬಿಡಿ. ಇಂಜಿನ್ ತಕ್ಷಣ ನಿಂತರೆ ಕ್ಲಚ್ ಹಿಡಿಯುತ್ತಿದೆ. ತಿರುಗುತ್ತಲೇ ಇದ್ದರೆ ಅದು ಮುಗಿದಿದೆ. ಇದನ್ನು ಒಮ್ಮೆ ಮಾತ್ರ ಮಾಡಿ, ಎದುರಿಗೆ ಜಾಗ ಖಾಲಿ ಇರಲಿ.

ಕೋಡ್ ಅಳಿಸುವ ಮೊದಲು ಸ್ಕ್ಯಾನರ್ ಪರದೆಯ ಫೋಟೊ ತೆಗೆದುಕೊಳ್ಳಿ. ಕೋಡ್ ಬಂದ ಕ್ಷಣದ ಆರ್‌ಪಿಎಂ, ಲೋಡ್, ಟೆಂಪರೇಚರ್ ಫ್ರೀಜ್ ಫ್ರೇಮ್‌ನಲ್ಲಿ ಉಳಿದಿರುತ್ತವೆ, ಅಳಿಸಿದರೆ ಹೋಗುತ್ತವೆ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಮನೆಗೆ ತನ್ನಿ. ಹಣ ಕೊಡುವ ಮೊದಲು ಅದೇ ಲೋಡ್ ಟೆಸ್ಟನ್ನು ಮತ್ತೆ ಮಾಡಿಸಿ, ಈಗ ಎರಡೂ ಜೋಡಿ ಅಂಕಿ ಹೊಂದುತ್ತಿವೆಯೇ ಎಂದು ನೀವೇ ಪಕ್ಕದಲ್ಲಿ ಕೂತು ನೋಡಿ.